ದಾರೆಸ್ಸಲಾಮಿಗೆ ಹೊರಟು ಖಾನಾಪುರ ಮುಟ್ಟಿದ್ದು

ವಿದೇಶಕ್ಕೆ ಹೋಗಿ ಬಂದವರೆಲ್ಲ ಪುಸ್ತಕ ಬರೆಯುತ್ತಾರೆ. ಅಲ್ಲಿಯ ಚಳಿ, ಅಲ್ಲಿಯ ಸ್ವಚ್ಛ ರಸ್ತೆ, ಊಟಕ್ಕೆ ಪಟ್ಟ ಪಾಡು, ಇವೆಲ್ಲ ಓದಿ ಓದಿ ನಮಗೆ ಬಾಯಿಪಾಠವಾಗಿವೆ. ವಿದೇಶಕ್ಕೆಂದು ಹೊರಟು ಪಕ್ಕದ ತಾಲೂಕಿನಿಂದಲೇ ತಿರುಗಿ ಬಂದವರು ಮಾತ್ರ ಏನೂ ಬರೆದಂತಿಲ್ಲ. ಆ ಕೊರತೆಯನ್ನು ನಾನು ತುಂಬುತ್ತೇನೆ. ನಾನು ಹೊರಟದ್ದು ಆಫ್ರಿಕಾದ ದಾರೆಸ್ಸಲಾಮಿಗೆ, ಮುಟ್ಟಿದ್ದು ಖಾನಾಪುರ.

ನಮ್ಮ ಬಳಗದಲ್ಲಿ ಈ ಪ್ರವಾಸದ ಕಥೆ ಎಲ್ಲರಿಗೂ ಗೊತ್ತು. ಮದುವೆ, ಸೀಮಂತ, ಎಲ್ಲಿ ಹತ್ತು ಹೆಂಗಸರು ಕೂಡಿದರೂ ಯಾರಾದರೊಬ್ಬರು ನನ್ನ ಗಲ್ಲ ಹಿಂಡಿ, "ಇಕಿನ ನೋಡ್ರಿ, ಆಫ್ರಿಕಾಕ್ಕ ಹೊಂಟಾಕಿ. ಖಾನಾಪುರದಾಗ ಅಂಜಿ ಅಳಾಕ ಹತ್ತಿದ್ಲು, ಪಾಪ, ತಿರುಗಿ ಕರಕೊಂಡು ಬಂದ್ರು" ಎನ್ನುತ್ತಾರೆ. ನಗುತ್ತಾರೆ. ನಾನೂ ಬಹಳ ವರ್ಷ ನಕ್ಕೆ. ಈಗ ನಗಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಳಗಾವಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ದಾರೆಸ್ಸಲಾಮಿನ ಶಾಲೆಯೊಂದಕ್ಕೆ ಗಣಿತದ ಶಿಕ್ಷಕಿ ಬೇಕಾಗಿದೆ ಎಂದು ತಿಳಿದು ಅರ್ಜಿ ಹಾಕಿದ್ದೆ, ಆಯ್ಕೆಯೂ ಆದೆ. ಹಡಗು ಗೋವೆಯ ಮರ್ಮಗೋವಾ ಬಂದರಿಗೆ ಬರುವುದಿತ್ತು. ಅದು ತಪ್ಪಿದರೆ ಮುಂದಿನ ಹಡಗಿನ ಹೊತ್ತಿಗೆ ಶಾಲೆ ಆರಂಭವಾಗಿಬಿಡುತ್ತದೆ, ಕೆಲಸ ಬೇರೆಯವರ ಪಾಲಾಗುತ್ತದೆ ಎಂದು ಅವರು ಸ್ಪಷ್ಟವಾಗಿ ತಿಳಿಸಿದ್ದರು.

ಅಪ್ಪ ನಾನು ಸಣ್ಣವಳಿದ್ದಾಗಲೇ ಲಿಂಗೈಕ್ಯನಾಗಿದ್ದ. ಮನೆಗೆ ಹಿರಿಯನೆಂದರೆ ಅಪ್ಪನ ತಮ್ಮ, ನನ್ನ ಕಾಕಾ. ಉದ್ಯಮಬಾಗದಲ್ಲಿ ಅವನದೊಂದು ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿ ಇತ್ತು. ಹುಡುಗಿಯೊಬ್ಬಳನ್ನೇ ಸಮುದ್ರದಾಚೆ ಕಳಿಸುವುದೇ ಎಂದು ಬಳಗದವರು ಮೂಗು ಮುರಿದಾಗ, "ಆಕಿ ನಮ್ಮ ಅಣ್ಣನ ಮಗಳು. ಹೋಗಾಕಿ ಹೋಗ್ತಾಳ" ಎಂದು ಅವರ ಬಾಯಿ ಮುಚ್ಚಿಸಿದವನೂ ಅವನೇ. ಇದನ್ನು ಮರೆತರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಕಾಕಾನ ಹತ್ತಿರ ಒಂದು ಹಳೆಯ ವ್ಯಾನು ಇತ್ತು. ಅದರ ಎಂಜಿನ್ ಮೂತಿಯಲ್ಲಿರಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ ಒಂದು ಡಬ್ಬಿಯೊಳಗೆ ಕುಳಿತಿತ್ತು. ಅದರ ಮೇಲೆ ಕಂಬಳಿ ಮಡಿಸಿ ಹಾಕಿರುತ್ತಿದ್ದರು. ಆ ವರ್ಷ ಅದರ ವಾಟರ್ ಪಂಪು ಒಡೆದಿತ್ತು. ಎಂಜಿನ್ನಿನ ಸುತ್ತ ನೀರು ತಿರುಗಿಸಿ ಅದನ್ನು ತಣ್ಣಗಿಡುವ ಪಂಪು ಅದು. ಹೊಸದು ಪುಣೆಯಿಂದ ಬರಬೇಕು. ಆದರೆ ಬೆಳಗಾವಿಯ ಫೌಂಡ್ರಿಯವರಿಗೆ ಕಬ್ಬಿಣದ ವಸ್ತುವನ್ನು ಅಂಗಡಿಯಿಂದ ಕೊಂಡು ತರುವುದೆಂದರೆ ಮಾನ ಹೋದಂತೆ. ಕಾಕಾ ಹಳೆಯ ಪಂಪಿನದೇ ಅಚ್ಚು ತೆಗೆದು, ತಾನೇ ನಿಂತು ಎರಕ ಹೊಯ್ದ.

ಎರಕದೊಳಗೆ ಗಾಳಿ ಸಿಕ್ಕಿಕೊಂಡರೆ ಸಣ್ಣ ತೂತು ಉಳಿಯುತ್ತದೆ. ಫೌಂಡ್ರಿಯವರು ಅದಕ್ಕೆ ಬ್ಲೋಹೋಲ್ ಎನ್ನುತ್ತಾರೆ. ಕೆಲಸಗಾರರ ಎರಕದಲ್ಲಿ ಅಂಥ ತೂತು ಕಂಡರೆ ಕಾಕಾ ಫೌಂಡ್ರಿಯ ತಗಡು ಹಾರುವಂತೆ ಕೂಗಾಡಿ, ಆ ತುಂಡನ್ನು ಮತ್ತೆ ಭಟ್ಟಿಗೆ ಹಾಕಿಸುತ್ತಿದ್ದ. ತನ್ನ ಪಂಪನ್ನು ಅವನು ಎಲ್ಲರೆದುರು ಪರೀಕ್ಷೆಗೆ ಇಟ್ಟ. ಅದರ ಹೊಟ್ಟೆ ತುಂಬ ನೀರು ತುಂಬಿ, ಕಟ್ಟೆಯ ಮೇಲೆ ಕಾಗದ ಹಾಸಿ ಇಡೀ ರಾತ್ರಿ ಬಿಟ್ಟ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಪಂಪಿಗೆ ಹಾರ ಬಿತ್ತು, ಓಣಿಗೆಲ್ಲ ಪೇಢೆ ಹಂಚಿದರು.

ನಾನು ರೈಲಿಗೆ ಹೋಗುತ್ತೇನೆಂದೆ. ಬೆಳಗಾವಿಯಲ್ಲಿ ಹತ್ತಿದರೆ ಲೋಂಡಾದ ಮೇಲೆ ನೆಟ್ಟಗೆ ಗೋವೆ. ಕಾಕಾಗೆ ಸೇರಲಿಲ್ಲ.

"ರೇಲ್ವೇದಾಗ ಮಂದಿ ನಡುವ ನುಗ್ಗಾಡಕೋತ ಯಾಕ ಹೋಗ್ಬೇಕು ಗಂಗವ್ವಾ? ಮನಿ ಗಾಡಿ ಐತಿ. ನಮ್ಮ ಕೈಲೆ ಹೊಯ್ದ ಪಂಪ ಐತಿ. ನಿನ್ನ ಹಡಗದ ಬಾಗಲಕ್ಕ ಒಯ್ದು ಇಳಸ್ತೇನಿ."

ಅವ್ವ ನನ್ನ ಕೈ ಒತ್ತಿದಳು. ನಾನು ರೈಲಿನ ಮಾತು ಬಿಟ್ಟೆ.

ಮಚ್ಛೆ

ಮುಂಜಾನೆ ಗಾಡಿಗೆ ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಒಡೆದು ಹೊರಟೆವು. ಹಡಗು ಇದ್ದದ್ದು ಮರುದಿನ ಬೆಳಿಗ್ಗೆ. ಸಂಜೆಯೊಳಗೆ ಗೋವೆ ಸೇರಿ ಕಾಕಾನ ಪರಿಚಯದ ವ್ಯಾಪಾರಿಯ ಮನೆಯಲ್ಲಿ ಇಳಿದುಕೊಳ್ಳುವುದೆಂದು ಮಾತಾಗಿತ್ತು. ಗಾಡಿಯಲ್ಲಿ ಕಾಕಾ, ಅವ್ವ, ನಾನು, ಚಾಲಕ ಯಲ್ಲಪ್ಪ. ಹಿಂದೆ ನನ್ನ ಟ್ರಂಕು, ಹಾಸಿಗೆ ಸುರುಳಿ, ಮತ್ತು ಆಫ್ರಿಕಾದಲ್ಲಿ ನಾನು ಹಸಿದು ಸಾಯಬಾರದೆಂದು ಅವ್ವ ಕಟ್ಟಿದ್ದ ಶೇಂಗಾ ಚಟ್ನಿ, ಜೋಳದ ಹಿಟ್ಟು, ಅರಿಷಿಣ ಪುಡಿಯ ಡಬ್ಬಿಗಳು.

ಉದ್ಯಮಬಾಗದ ಹೊಗೆ ಹಿಂದಾಗಿ ಮಚ್ಛೆ ಬರುವಷ್ಟರಲ್ಲಿ ಕಂಬಳಿಯಿಂದ ಸುಟ್ಟ ವಾಸನೆ ಬಂತು.

"ಸಾವಕಾರ್ರ, ಕಾಟಾ ಏರಾಕತ್ತೈತ್ರಿ" ಎಂದ ಯಲ್ಲಪ್ಪ. ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು.

"ಕಾಟಾನ ಕೆಟ್ಟಿರಬೇಕು. ನೀ ನಡಿ."

ಸ್ವಲ್ಪ ನಡೆಯಿತು. ಆಮೇಲೆ ಹಬೆ ಎದ್ದಿತು. ಎಂಜಿನ್ ಬಂದ್ ಮಾಡಿ, ಅದು ಆರುವವರೆಗೆ ಬೇವಿನ ಮರದ ಕೆಳಗೆ ಕೂತೆವು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಅರ್ಧಕ್ಕಿಂತ ಕೆಳಗಿಳಿದಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿತ್ತು. ಒಂದು ಹನಿಯೂ ಬಿದ್ದಿರಲಿಲ್ಲ.

ದಾರಿಯಲ್ಲಿ ಗಾಡಿಯೊಂದು ನಿಂತರೆ ಸಾಕು, ನಮ್ಮ ಕಡೆಯ ಜನರಿಗೆ ಮನೆಯ ಕೆಲಸ ಮರೆತುಹೋಗುತ್ತದೆ. ಸೈಕಲ್ ಇಳಿದವರು, ಎಮ್ಮೆ ಹೊಡೆದುಕೊಂಡು ಹೊರಟವರು, ಎಲ್ಲರೂ ಸೇರಿ ಎಂಜಿನ್ನನ್ನು ಕೂಸಿನ ಮೈ ಮುಟ್ಟಿ ನೋಡುವಂತೆ ಮುಟ್ಟಿ ನೋಡಿದರು. ಹೆಣ್ಣುಮಕ್ಕಳು ಕೊಡದಲ್ಲಿ ನೀರು ತಂದುಕೊಟ್ಟರು. ಮೊದಲು ಎಂಜಿನ್ನಿಗೆ, ಉಳಿದರೆ ನಮಗೆ.

ನಾನು ಕೇಳಿದೆ, "ಕಾಕಾ, ಪಂಪ ಒಂದ ಸಲ ನೋಡೂಣೇನ್ರಿ?"

ಕಾಕಾ ನನ್ನ ಮುಖವನ್ನೇ ನೋಡಿದ. "ಪಂಪ ನೋಡಾಕ ಏನೈತಿ? ರಾತ್ರೆಲ್ಲಾ ನೀರ ಹಿಡಕೊಂಡು ಕುಂತ ಪಂಪ ಅದು. ಮುಚ್ಚಳದ ರಬ್ಬರ ಸವದೈತಿ, ಅಷ್ಟ."

ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದು, ಬಳೆಯಂತೆ ಕತ್ತರಿಸಿ ಮುಚ್ಚಳಕ್ಕೆ ಕೂರಿಸಿದರು. ನೀರು ತುಂಬಿ ಹೊರಟೆವು.

ಇದ್ದಲಹೊಂಡ

ಝಾಡಶಹಾಪುರ ದಾಟಿದ ಮೇಲೆ ಮತ್ತೆ ಅದೇ ವಾಸನೆ. ಈ ಸಲ ಅಪರಾಧಿ ರಬ್ಬರ್ ಪೈಪು. ಅದರ ಸಂದಿಯಲ್ಲಿ ನೀರು ಹಾರುತ್ತಿದೆ ಎಂದು ಕಾಕಾ ತೀರ್ಪು ಕೊಟ್ಟ. ನನ್ನ ಹಾಸಿಗೆಯ ಪಟ್ಟಿಯನ್ನು ಬಿಚ್ಚಿ ಪೈಪಿಗೆ ಬಿಗಿದರು. ಇದ್ದಲಹೊಂಡದ ಚಹಾ ಅಂಗಡಿಯ ಮುಂದೆ ಗಾಡಿ ಮತ್ತೆ ನಿಂತಿತು. ಈಗ ಉಳಿದಿದ್ದ ಅಪರಾಧಿ ರೇಡಿಯೇಟರು.

ಅಂಗಡಿಯವ ದೊಡ್ಡ ಮೀಸೆಯ ಮನುಷ್ಯ. ಮಾತಿಗೆ ಮೊದಲೇ ಚಹಾ ಕೊಟ್ಟ.

"ಕುಂದರ್ರಿ ಸಾವಕಾರ್ರ. ಇದಕ್ಕ ಒಂದ ಔಷಧ ಐತಿ ನೋಡ್ರಿ. ಕ್ವಾಳಿ ತತ್ತಿ ಒಡದು, ಬಿಳೇದಷ್ಟ ಒಳಗ ಬಿಡ್ರಿ. ಕಾವಿಗೆ ಬೆಂದು ತೂತಿಗೆ ಹೋಗಿ ಕುಂದರತೈತಿ. ಗೋವಾಕ್ಕ ಹೋಗೂ ಟ್ರಕ್‌ದವ್ರೆಲ್ಲಾ ಹಿಂಗ ಮಾಡ್ತಾರ. ಖರೇನ ಹೇಳ್ತೇನಿ."

ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟ. "ತತ್ತಿ? ನಮ್ಮ ಗಾಡ್ಯಾಗ?"

"ನೀವೇನ್ ತಿನ್ನೂದಿಲ್ಲಲ್ರಿ, ಎಂಜಿನ್ನ ತಿಂತೈತಿ."

"ಲಿಂಗ ಕಟ್ಟಿದವ್ರ ಗಾಡಿ ಇದು. ಮುಂಜಾನಿ ವಿಭೂತಿ ಹಚ್ಚೇವಿ. ಅದರ ಹೊಟ್ಟ್ಯಾಗ ತತ್ತಿ ಹಾಕಿ ಆ ಬಂದರಕ ಒಯ್ಯಲೇನು?"

ಎಂಜಿನ್ನಿಗೂ ಜಾತಿ ಇರುತ್ತದೆಂದು ನನಗೆ ಗೊತ್ತಾದದ್ದು ಅಂದು. ಯಾವ ದೇಶದಲ್ಲಿ ಇಂಥ ಸೋಜಿಗ ನೋಡಲು ಸಿಗುತ್ತದೋ ನಾನು ಕಾಣೆ. ತತ್ತಿ ಬೇಡವೆಂದಮೇಲೆ ಮುಂದಿನ ಔಷಧ ಅರಿಷಿಣ. ಅದೂ ಸಣ್ಣ ತೂತನ್ನು ಮುಚ್ಚುತ್ತದಂತೆ. ಕಾಕಾ ಹಿಂದೆ ಹೋಗಿ ಅವ್ವ ಕಟ್ಟಿದ್ದ ಡಬ್ಬಿ ತೆಗೆದ.

"ಅದು ಆಕಿಗಿ ವರ್ಷಪೂರ್ತಿ ಬೇಕಂತ..." ಎಂದಳು ಅವ್ವ.

"ಅಲ್ಲಿ ಅರಿಷಿಣ ಸಿಗೂದಿಲ್ಲೇನ್ ವೈನಿ?" ಎಂದ ಕಾಕಾ, ಡಬ್ಬಿಯನ್ನು ಬುಡಮೇಲು ಮಾಡಿದ.

ನನ್ನ ಆಫ್ರಿಕಾದ ಅಡುಗೆಯೆಲ್ಲ ಹಾಗೆ ರೇಡಿಯೇಟರಿನೊಳಗೆ ಹೋಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪ್ರತಿ ಸಲವೂ ಎಂಜಿನ್ ಆರಿಸಿ, ಅದು ತಣ್ಣಗಾದ ಮೇಲೆ ಹುಡುಕುತ್ತಿದ್ದರು. ತಣ್ಣಗಾದ ಎಂಜಿನ್ನಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ನೀರು ಹೋಗುತ್ತಿದ್ದುದು ಓಡುವಾಗ, ಕಾದಾಗ. ಇಷ್ಟನ್ನು ಹೇಳಬೇಕೆಂದು ಬಾಯಿ ತೆರೆದೆ. ಯಲ್ಲಪ್ಪ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ. ಅವನಿಗೂ ಅನುಮಾನವಿತ್ತು ಎಂದು ಆಗ ತಿಳಿಯಿತು.

ಖಾನಾಪುರ

ಖಾನಾಪುರ ಮುಟ್ಟುವಾಗ ಹೊತ್ತು ನೆತ್ತಿಯ ಮೇಲಿತ್ತು. ಇಲ್ಲಿಂದ ನನ್ನ ಪರದೇಶ ಶುರು ಎಂದುಕೊಳ್ಳಿ. ಊರಿನ ಜನಕ್ಕೆ ಎರಡು ಭಾಷೆ ಎಂದು ಹೇಳುವುದು ತಪ್ಪು. ಅವರಿಗೆ ಒಂದೇ ಭಾಷೆ, ಅದರ ತಲೆ ಕನ್ನಡ, ಬಾಲ ಮರಾಠಿ. ದಾರಿ ಕೇಳಿದರೆ ಹೇಳಿ ಸುಮ್ಮನಾಗುವುದಿಲ್ಲ, ಜೊತೆಗೇ ನಡೆದು ತಂದು ಬಿಡುತ್ತಾರೆ. ಹಾಗೆ ಒಬ್ಬರು ನಮ್ಮನ್ನು ಬಸ್‌ಸ್ಟ್ಯಾಂಡಿನ ಹಿಂದಿದ್ದ ಮಿಸ್ತ್ರಿಯ ಹತ್ತಿರ ತಂದು ಬಿಟ್ಟರು.

ಮಿಸ್ತ್ರಿ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದ. ಅರಿಷಿಣ ನೀರು ಹಳದಿಯಾಗಿ ಚರಂಡಿಗೆ ಹರಿಯಿತು.

"ಕಾಯ್ ಹೋ ಸಾವಕಾರ, ಗಾಡೀಗೆ ಲಗ್ನ ಮಾಡೀರೇನು?" ಎಂದು ನಕ್ಕ.

ಕಾಕಾಗೆ ನಗು ಬರಲಿಲ್ಲ. ಪಂಪಿನ ಹೆಸರು ಬರುವ ಮೊದಲೇ ಅದರ ಚರಿತ್ರೆ ಶುರು ಮಾಡಿದ. ಅಚ್ಚು ತೆಗೆದದ್ದು, ತಾನೇ ಹೊಯ್ದದ್ದು, ಇಡೀ ರಾತ್ರಿ ನೀರು ಹಿಡಿದದ್ದು, ಪೇಢೆ ಹಂಚಿದ್ದು. ಅಷ್ಟು ಕೇಳಿದ ಮೇಲೆ ಯಾವ ಮಿಸ್ತ್ರಿ ಆ ಪಂಪಿನ ಮೇಲೆ ಕೈ ಇಟ್ಟಾನು? ಅವನು ಥರ್ಮೋಸ್ಟಾಟಿನ ತಪ್ಪು ಎಂದ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು ಹಿಡಿಯುವ ಸಣ್ಣ ಬಾಗಿಲು ಅದು. ಅದನ್ನು ಕಿತ್ತು ಕಾಕಾನ ಅಂಗೈ ಮೇಲಿಟ್ಟ. ಹೊಸ ನೀರು ತುಂಬಿದ. ಹಳದಿ ಮಾತ್ರ ಪೂರ್ತಿ ಹೋಗಿರಲಿಲ್ಲ.

ಗೋವೆಗೆ ಹೋಗುವ ಮಧ್ಯಾಹ್ನದ ರೈಲು ಇನ್ನೂ ಬಂದಿರಲಿಲ್ಲ. ನಾನು ಎದ್ದು ನಿಂತೆ.

"ಕಾಕಾ, ನಾ ರೇಲ್ವೇಕ ಹೋಗ್ತೇನ್ರಿ. ಇಲ್ಲಿಂದನ."

"ಒಬ್ಬಾಕಿನ?"

"ಆಫ್ರಿಕಾಕ್ಕೂ ಒಬ್ಬಾಕಿನ ಹೋಗಾಕಿ ಅಲ್ರೇನು?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎದುರಿಗೇ ಟಾಂಗಾ ನಿಂತಿತ್ತು. ನಾನು ಕೈ ಮಾಡಿ ಅದನ್ನು ಕರೆದೆ. ಯಲ್ಲಪ್ಪ ಟ್ರಂಕನ್ನು ಅರ್ಧ ಇಳಿಸಿದ್ದ.

"ತಡಿ" ಎಂದ ಕಾಕಾ. "ಹೋಗವ್ವಾ, ಬ್ಯಾಡನ್ನೂದಿಲ್ಲ. ಆದ್ರ ಮನಿ ಗಾಡಿ ನಿಂತಿದ್ದಾಗ ನಮ್ಮನಿ ಹುಡುಗಿ ಟಾಂಗಾದಾಗ ಹ್ವಾದ್ರ ಮಂದಿ ಏನಂದಾರು? ಸ್ಟೇಶನ್ನಿಗೆ ನಾನ ಬಿಡ್ತೇನಿ."

ಟಾಂಗಾದವನನ್ನು ಕಳಿಸಿಬಿಟ್ಟ. ಟ್ರಂಕು ಮತ್ತೆ ಒಳಗೆ ಹೋಯಿತು.

ಸ್ಟೇಶನ್ನಿನ ದಾರಿ

ಸ್ಟೇಶನ್ನಿಗೆ ಗಾಡಿ ತಿರುಗಬೇಕಾದ ಕಡೆ ತಿರುಗಲಿಲ್ಲ.

"ಒಂದ ಸುತ್ತ ಹಾಕಿ ಬರೂಣು. ಕಾಟಾ ಹೆಂಗ ನಿಂದರತೈತಿ ನೋಡೂಣು" ಎಂದ ಕಾಕಾ.

"ರೇಲ್ವೇ ಬರೂ ಹೊತ್ತಾತ್ರಿ, ಕಾಕಾ!"

"ಇನ್ನೂ ಬಂದಿಲ್ಲ ತಗೊ. ಪಂಪ ಗಟ್ಟಿ ಐತಿ ಅಂತ ನೀನೂ ನೋಡೀ ಹೋಗು."

ನಾನು ರೈಲಿಗೆ ಹೋಗುತ್ತೇನೆಂದದ್ದು ಅವನಿಗೆ ಪಂಪಿನ ಮೇಲಿನ ಆರೋಪದಂತೆ ಕೇಳಿಸಿತ್ತು. ನಾನು ರೈಲು ಹತ್ತುವ ಮೊದಲು ಆ ಆರೋಪ ಸುಳ್ಳೆಂದು ನನ್ನ ಕಣ್ಣಿಗೇ ತೋರಿಸಬೇಕಿತ್ತು. ಯಲ್ಲಪ್ಪ ಧಣಿಯ ಮಾತು ಕೇಳಿ ಮಲಪ್ರಭೆಯ ಸೇತುವೆಯ ಕಡೆ ಗಾಡಿ ಬಿಟ್ಟ. ಸೇತುವೆ ದಾಟಿ ತಿರುಗುವವರೆಗೆ ಮುಳ್ಳು ನಿಂತಲ್ಲೇ ನಿಂತಿತ್ತು. "ನೋಡಿದ್ಯಾ?" ಎಂದ ಕಾಕಾ. ಮರಳಿ ಊರ ಕಡೆಯ ಏರು ಹತ್ತುವಾಗ ಅದು ಮೇಲೆದ್ದಿತು, ಆಮೇಲೆ ಇಳಿಯಲೇ ಇಲ್ಲ.

ಹಬೆ ಬರುವ ಮೊದಲೇ ನಾನು ಕಂಬಳಿ ಎಳೆದು ಎಂಜಿನ್ ಡಬ್ಬಿಯ ಮುಚ್ಚಳ ಎತ್ತಿದೆ.

"ಯಲ್ಲಪ್ಪಾ, ಗಾಡಿ ನಿಂದರಸು, ಎಂಜಿನ್ ಬಂದ್ ಮಾಡಬ್ಯಾಡ!" ಎಂದು ಕೂಗಿದೆ.

ಎಂಜಿನ್ ಓಡುತ್ತಿತ್ತು. ಪಂಪಿನ ಪಕ್ಕೆಯಲ್ಲಿ, ಸೂಜಿಯ ಮೊನೆ ಹೋಗುವಷ್ಟು ತೂತಿನಿಂದ, ದಾರದಂಥ ನೀರು ಸಣ್ಣಗೆ ಚಿಮ್ಮುತ್ತಿತ್ತು. ಬಿಸಿ ಕಬ್ಬಿಣಕ್ಕೆ ತಾಗಿದ್ದೇ ಚುಂಯ್ ಎಂದು ಆರಿಹೋಗುತ್ತಿತ್ತು. ನೆಲಕ್ಕೆ ಹನಿ ಬೀಳದಿದ್ದದ್ದು ಅದಕ್ಕೇ. ಆರಿದ ಜಾಗದಲ್ಲಿ ಮಾತ್ರ ನೀರಿನಲ್ಲಿ ಉಳಿದಿದ್ದ ಅರಿಷಿಣ ಹಳದಿ ಗೆರೆಯಾಗಿ ಗಟ್ಟಿಯಾಗಿತ್ತು. ತೂತನ್ನು ಮುಚ್ಚಲು ಹಾಕಿದ ಅರಿಷಿಣ ತೂತನ್ನು ಎತ್ತಿ ತೋರಿಸಿತ್ತು.

"ಕಾಕಾ, ನೋಡ್ರಿ. ಬ್ಲೋಹೋಲ್."

ಆ ಮಾತನ್ನು ನಾನು ಮೆಲ್ಲಗೇ ಹೇಳಿದೆ. ಕಾಕಾ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಹೋದದ್ದನ್ನು ನಾನು ಕಂಡೆ. ಕೈ ಚಾಚಿ ಎಂಜಿನ್ನಿನ ಕೀಲಿ ತಿರುವಿದ. ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ನೀರೂ ನಿಂತಿತು.

"ಅದು ಬೆವರು" ಎಂದ. "ಹೊಸಾ ಎರಕ ಕಾವಿಗೆ ಬೆವರತೈತಿ. ಸೋರೂದಿಲ್ಲ." ಅಂಗಿಯ ತೋಳಿನಿಂದ ಹಳದಿ ಗೆರೆಯನ್ನು ಒರೆಸಿಬಿಟ್ಟ.

ಅಷ್ಟರಲ್ಲಿ ರೈಲು ಕೂಗಿತು.

ಪಾಸ್‌ಪೋರ್ಟು ನನ್ನ ಕೈಚೀಲದಲ್ಲೇ ಇತ್ತು. ಟ್ರಂಕು, ಹಾಸಿಗೆ, ಅವ್ವ, ಎಲ್ಲವನ್ನೂ ಬಿಟ್ಟು ನಾನು ಇಳಿದು ಓಡಿದೆ. ಸೀರೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಖಾನಾಪುರದ ನಡುಬೀದಿಯಲ್ಲಿ ಓಡಿದೆ. ಸಂತೆಗೆ ಬಂದವರು ನಿಂತು ನೋಡಿದರು. ಸ್ಟೇಶನ್ನಿನ ಗೇಟು ಹೊಕ್ಕಾಗ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮು ಬಿಟ್ಟು ಹೋಗುತ್ತಿತ್ತು. ಒಬ್ಬ ಹಮಾಲ ನನ್ನನ್ನು ನೋಡಿ ಪಾಪವೆನಿಸಿ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಸಮಾಧಾನ ಹೇಳಿದ: "ಗೇಲಿ, ಬಾಯಿ. ಹೋತು. ನಾಳಿ ಬರ್ರಿ."

ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತು ನಾನು ಅತ್ತೆ. ಹೌದು, ಅತ್ತದ್ದು ನಿಜ. ನಮ್ಮ ಬಳಗದ ಕಥೆಯಲ್ಲಿ ನಿಜವಾದದ್ದು ಅದೊಂದೇ.

ಗೋವೆಯ ಬಸ್ಸು ಮುಂಜಾನೆಯೇ ಹೋಗಿತ್ತು. ಘಟ್ಟ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆಂದು ಖಾನಾಪುರದ ಟ್ಯಾಕ್ಸಿಯವನು ಒಪ್ಪಲಿಲ್ಲ. ದಾರಿಯುದ್ದಕ್ಕೂ ನೀರು ಕುಡಿಸುತ್ತ ಬೆಳಗಾವಿಗೆ ಮರಳಿದೆವು. ಮಚ್ಛೆಯ ಹತ್ತಿರ ಕಾಕಾ ಅವ್ವನಿಗೆ, "ಹುಡುಗಿ ಭಾಳ ಅಂಜ್ಯಾಳ ವೈನಿ. ಇರಲಿ, ಒತ್ತಾಯ ಮಾಡೂದು ಬ್ಯಾಡ" ಎಂದ. ಅವ್ವ ನನ್ನ ಕಡೆ ನೋಡಿದಳು, ನಂತರ ಕಿಟಕಿಯಾಚೆ ನೋಡಿದಳು. ಕಥೆ ಹುಟ್ಟಿದ್ದು ಅಲ್ಲಿ, ಆ ಮಾತಿನಲ್ಲಿ. ಅವ್ವ ಅದನ್ನು ಅಲ್ಲಗಳೆಯಲಿಲ್ಲ ಎಂಬುದನ್ನು ನಾನು ಇಂದಿಗೂ ನುಂಗಿಕೊಳ್ಳಲಾರೆ.

ಮತ್ತೆ ಬೆಳಗಾವಿ

ದಾರೆಸ್ಸಲಾಮಿನ ಕೆಲಸ ಬೇರೊಬ್ಬರಿಗೆ ಹೋಯಿತು. ಕೆಲ ವರ್ಷಗಳಲ್ಲಿ ಆ ಹಡಗೂ ಬರುವುದನ್ನು ನಿಲ್ಲಿಸಿತು. ನನಗೆ ಸರಕಾರಿ ಕೆಲಸ ಸಿಕ್ಕಿತು. ಎಲ್ಲಿ ಹೇಳಿ? ಖಾನಾಪುರದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಅದೇ ಹಮಾಲ ನನಗೆ ನಮಸ್ಕಾರ ಮಾಡುತ್ತಾನೆ. ಇವತ್ತಿನವರೆಗೂ ನಾನು ಆ ಕಲ್ಲುಬೆಂಚಿನ ಮೇಲೆ ಕೂತಿಲ್ಲ, ರೈಲು ಎಷ್ಟು ತಡವಾದರೂ ನಿಂತೇ ಇರುತ್ತೇನೆ.

ವ್ಯಾನನ್ನು ಗುಜರಿಗೆ ಹಾಕುವಾಗ ಕಾಕಾ ಪಂಪನ್ನು ಬಿಚ್ಚಿಸಿ ಇಟ್ಟುಕೊಂಡ. ಬೆಳ್ಳಿ ಬಣ್ಣ ಬಳಿಸಿ, ಹಿಂದಿನ ಬಾಯಿಗೆ ತಗಡಿನ ಮುಚ್ಚಳ ಬಿಗಿಸಿ, ಫೌಂಡ್ರಿಯ ಆಫೀಸಿನಲ್ಲಿ ಇರಿಸಿದ. ದಸರೆಯ ಖಂಡೇಪೂಜೆಯ ದಿನ ಸುತ್ತಿಗೆ, ಇಕ್ಕಳಗಳ ನಡುವೆ ಅದಕ್ಕೂ ಪೂಜೆ. ಅರಿಷಿಣ, ಕುಂಕುಮ ಹಚ್ಚುವುದು ಮನೆಯ ಹೆಣ್ಣುಮಗಳು, ಅಂದರೆ ನಾನು. ಆ ಪಂಪಿಗೆ ಅರಿಷಿಣ ಹಚ್ಚುವಾಗ ನನ್ನ ಕೈಗೆ ಏನಾಗುತ್ತದೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಈ ಸಲದ ಪೂಜೆಗೆ ಕೊಲ್ಲಾಪುರದ ವ್ಯಾಪಾರಿಯೊಬ್ಬ ಬಂದಿದ್ದ. ಇದೇನು ಎಂದು ಪಂಪನ್ನು ತೋರಿಸಿ ಕೇಳಿದ. ಕಾಕಾಗೆ ಈಗ ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ.

"ನಮ್ಮ ಕೈಲೆ ಹೊಯ್ದ ಪಂಪ್ರಿ. ಗೋವಾಕ್ಕ ಹೊಂಟಿದ್ವಿ, ಈ ಹುಡುಗೀನ ಹಡಗಾ ಹತ್ತಸಾಕ. ಪಂಪ ಗಟ್ಟಿ ಇತ್ತು. ಈಕಿ ಧೈರ್ಯ ಗಟ್ಟಿ ಇರಲಿಲ್ಲ."

ಎಲ್ಲರೂ ನಕ್ಕರು. ನಾನು ಪೂಜೆಯ ತಂಬಿಗೆ ಎತ್ತಿಕೊಂಡೆ. ಪಂಪಿನ ಮೇಲಿನ ಬಾಯಿಗೆ ನೀರು ಹೊಯ್ದೆ, ತುಂಬಿ ತುಳುಕುವವರೆಗೆ ಹೊಯ್ದೆ. ನಗು ನಿಂತಿತು. ಎಲ್ಲರೂ ಪಂಪಿನ ಪಕ್ಕೆಯನ್ನೇ ನೋಡಿದರು. ಒಂದು ಹನಿಯೂ ಬರಲಿಲ್ಲ. ತಣ್ಣಗಿದ್ದಾಗ ಅದು ಎಂದೂ ಸೋರಿದ್ದಿಲ್ಲ. ಅದು ನನಗೂ ಗೊತ್ತಿತ್ತು.

"ನೋಡಿದ್ರಿಲ್ರಿ? ಗಟ್ಟಿ ಐತಿ!" ಎಂದು ಕೊಲ್ಲಾಪುರದವ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು.

ಕಾಕಾ ತಟ್ಟಲಿಲ್ಲ. ನಾನು ತಂಬಿಗೆ ಎತ್ತಿದ ಕ್ಷಣವೇ ಅವನ ಕೈ ಪಂಪಿನ ಕಡೆ ಹೋಗಿತ್ತು. ಬೆಳ್ಳಿ ಬಣ್ಣದ ಮೇಲೆ ಯಾರ ಕಣ್ಣಿಗೂ ಏನೂ ಕಾಣದ ಆ ಪಕ್ಕೆಯಲ್ಲಿ, ಅಂದು ಹಳದಿ ಗೆರೆ ಇದ್ದ ಜಾಗದ ಮೇಲೇ ಹೆಬ್ಬೆರಳು ಇಟ್ಟು ಅವನು ಒತ್ತಿ ಹಿಡಿದಿದ್ದ.